ಯಾವ ಫೋಲ್ಡರ್ ಕ್ಲೌಡ್‌ಗೆ ಹೋಗಬಾರದು? – ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ಲೌಡ್ ಸಂಗ್ರಹದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕೋರಿಕೆಯವು: ಉಳಿದದ್ದೆಲ್ಲ ಸಿಂಕ್ ಆಗಲಿ (ಅಂದರೆ ಕಂಪ್ಯೂಟರಿನಲ್ಲೂ ಕ್ಲೌಡ್‌ನಲ್ಲೂ ತಾನಾಗಿ ಒಂದೇ ರೀತಿ ಇರಲಿ), ಈ ಒಂದು ಫೋಲ್ಡರ್ ಮಾತ್ರ ಬೇಡ. ಕೇಳುವವರ ಕಸುಬು ಬೇರೆಬೇರೆಯಾಗಿರುವುದರಿಂದ ಉತ್ತರವೂ ಬೇರೆಯಾಗುತ್ತದೆ. ಆದ್ದರಿಂದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ತೆರಿಗೆ ಸಲಹೆಗಾರ. ಕಚೇರಿಯ ಎರಡು ವಿಂಡೋಸ್ ಕಂಪ್ಯೂಟರುಗಳಲ್ಲೂ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಒನ್‌ಡ್ರೈವ್‌ನ ಒಂದೇ ಖಾತೆ ಇದೆ. ಗ್ರಾಹಕರ ಟ್ಯಾಲಿ ಡೇಟಾವನ್ನು ನಾನೇ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಇಟ್ಟುಕೊಂಡಿದ್ದೇನೆ. ಲೆಕ್ಕ ಬರೆಯುತ್ತಿರುವಷ್ಟು ಹೊತ್ತೂ ಸಿಂಕ್ ನಡೆಯುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನ ‘ಚೂಸ್ ಫೋಲ್ಡರ್ಸ್’ ಪಟ್ಟಿಯಲ್ಲಿ ಟ್ಯಾಲಿ ಫೋಲ್ಡರಿನ ಮುಂದಿರುವ ಗುರುತನ್ನು ತೆಗೆದುಬಿಟ್ಟರೆ ಸಾಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಮಗೆ ಬೇಕಾಗಿರುವುದು ಡೇಟಾ ನಿಮ್ಮ ಯಂತ್ರದಲ್ಲಿ ಉಳಿದು ಕ್ಲೌಡ್‌ಗೆ ಹೋಗದಿರುವುದು. ಆ ಗುರುತನ್ನು ತೆಗೆದರೆ ಆಗುವುದು ಅದಕ್ಕೆ ನೇರ ವಿರುದ್ಧವಾದದ್ದು: ಫೋಲ್ಡರ್ ಕ್ಲೌಡ್‌ನಲ್ಲಿ ಉಳಿಯುತ್ತದೆ, ನೀವು ಕುಳಿತಿರುವ ಕಂಪ್ಯೂಟರಿನಿಂದ ಮರೆಯಾಗುತ್ತದೆ. ಆ ಆಯ್ಕೆ ಇರುವುದು ಸಣ್ಣ ಡಿಸ್ಕಿನ ಲ್ಯಾಪ್‌ಟಾಪಿನಲ್ಲಿ ಜಾಗ ಉಳಿಸಿಕೊಳ್ಳುವವರಿಗಾಗಿ. ಅದೂ ಒಂದೊಂದು ಕಂಪ್ಯೂಟರಿಗೆ ಪ್ರತ್ಯೇಕವಾಗಿ ಅನ್ವಯವಾಗುವ ಆಯ್ಕೆಯಾದ್ದರಿಂದ, ನೀವು ಒಂದರಲ್ಲಿ ಗುರುತು ತೆಗೆದರೆ ಇನ್ನೊಂದರಲ್ಲಿ ಟ್ಯಾಲಿ ಫೋಲ್ಡರ್ ಹಿಂದಿನಂತೆಯೇ ಸಿಂಕ್ ಆಗುತ್ತಿರುತ್ತದೆ.

‘ಸಿಂಕ್‌ನಿಂದ ಹೊರಗಿಡುವುದು’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವ ಕೆಲಸ ವಾಸ್ತವದಲ್ಲಿ ಎರಡು. ಕ್ಲೌಡ್‌ನಲ್ಲಿರಲಿ, ಈ ಯಂತ್ರಕ್ಕೆ ಇಳಿಯುವುದು ಬೇಡ ಎನ್ನುವುದು ಒಂದು. ಈ ಯಂತ್ರದಲ್ಲಿರಲಿ, ಕ್ಲೌಡ್‌ಗೆ ಏರುವುದು ಬೇಡ ಎನ್ನುವುದು ಇನ್ನೊಂದು. ಎಲ್ಲ ಸೇವೆಗಳೂ ಎರಡನ್ನೂ ಕೊಡುವುದಿಲ್ಲ. ಒನ್‌ಡ್ರೈವ್ ಮೊದಲನೆಯದನ್ನು ಸಲೀಸಾಗಿ ಕೊಡುತ್ತದೆ. ಎರಡನೆಯದಕ್ಕೆ, ಇಂಥ ಫೋಲ್ಡರನ್ನು ಮೇಲೇರಿಸಬೇಡ ಎಂದು ಸಾಮಾನ್ಯ ಬಳಕೆದಾರ ಗುರುತು ಹಾಕುವ ಜಾಗ ಅದರ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ದೊಡ್ಡ ಸಂಸ್ಥೆಗಳ ಆಡಳಿತಗಾರರು ಕೆಲವು ಬಗೆಯ ಫೈಲುಗಳನ್ನು ಮೇಲೇರದಂತೆ ತಡೆಯಬಲ್ಲರು, ಆದರೆ ಆ ಸೌಲಭ್ಯ ಎರಡು ಕಂಪ್ಯೂಟರುಗಳ ಕಚೇರಿಗೆ ಹೇಳಿದ್ದಲ್ಲ.

ಹೀಗಾಗಿ ನಿಮ್ಮ ಪಾಲಿಗೆ ಸರಿಯಾದ ದಾರಿ ಡೇಟಾವನ್ನೇ ಒನ್‌ಡ್ರೈವ್ ವ್ಯಾಪ್ತಿಯಿಂದ ಹೊರಗೆ ಸಾಗಿಸುವುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಮೂರನ್ನು ಒನ್‌ಡ್ರೈವ್ ತನ್ನ ಬ್ಯಾಕಪ್‌ಗೆ ಸೇರಿಸಿಕೊಳ್ಳುವಾಗ ಅವುಗಳ ಜಾಗವನ್ನೇ ತನ್ನ ಫೋಲ್ಡರಿನೊಳಗೆ ಬದಲಿಸಿರುತ್ತದೆ. ಹೊಸ ಕಂಪ್ಯೂಟರ್ ಕೊಂಡಾಗ ಮೊದಲ ಪರದೆಗಳಲ್ಲಿ ‘ನೆಕ್ಸ್ಟ್’ ಒತ್ತುತ್ತ ಹೋದವರಲ್ಲಿ ಅನೇಕರಿಗೆ ಇದು ಗೊತ್ತೇ ಆಗಿರುವುದಿಲ್ಲ. ಡಿ ಡ್ರೈವ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಸಿ ಡ್ರೈವ್‌ನ ಬುಡದಲ್ಲಿಯೇ, ಹೊಸ ಫೋಲ್ಡರೊಂದನ್ನು ಮಾಡಿ. ಎರಡೂ ಕಂಪ್ಯೂಟರುಗಳಲ್ಲಿ ಟ್ಯಾಲಿಯನ್ನು ಮುಚ್ಚಿ, ಸಿಂಕ್ ಪೂರ್ತಿಯಾಗಿದೆ ಎಂಬುದನ್ನು ನೋಡಿಕೊಂಡು, ಹಳೆಯ ಜಾಗದಿಂದ ಹೊಸ ಜಾಗಕ್ಕೆ ‘ಕಾಪಿ’ ಮಾಡಿ, ‘ಕಟ್’ ಮಾಡಬೇಡಿ. ಆಮೇಲೆ ಟ್ಯಾಲಿಪ್ರೈಮ್‌ನಲ್ಲಿ ಕಂಪನಿ ಆರಿಸುವ ಪರದೆಯಿಂದ ಹೊಸ ಜಾಗದ ವಿಳಾಸವನ್ನು ಕೊಟ್ಟು, ಪ್ರತಿಯೊಂದು ಕಂಪನಿಯನ್ನೂ ತೆರೆದು, ಕೊನೆಯ ವೋಚರ್ ಮತ್ತು ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಿ. ಅದಾದ ನಂತರವೇ ಹಳೆಯ ಫೋಲ್ಡರನ್ನು ಅಳಿಸಿ. ಅಳಿಸಿದೊಡನೆ ಅದು ಕ್ಲೌಡ್‌ನಿಂದಲೂ ಇನ್ನೊಂದು ಕಂಪ್ಯೂಟರಿನಿಂದಲೂ ಹೋಗುತ್ತದೆ. ವೈಯಕ್ತಿಕ ಖಾತೆಯಾದರೆ 30 ದಿನ, ಕಚೇರಿ ಅಥವಾ ಶಾಲೆಯ ಖಾತೆಯಾದರೆ ಸಾಮಾನ್ಯವಾಗಿ 93 ದಿನ ಒನ್‌ಡ್ರೈವ್‌ನ ರಿಸೈಕಲ್ ಬಿನ್‌ನಲ್ಲಿ ಉಳಿದಿರುತ್ತದೆ.

ಇಷ್ಟೆಲ್ಲ ಮಾಡುವ ಬದಲು ಡಾಕ್ಯುಮೆಂಟ್ಸ್ ಬ್ಯಾಕಪ್ಪನ್ನೇ ನಿಲ್ಲಿಸಿಬಿಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ನಿಲ್ಲಿಸಬಹುದು, ಆದರೆ ನಿಲ್ಲಿಸಿದ ಮರುಕ್ಷಣ ಡಾಕ್ಯುಮೆಂಟ್ಸ್ ಖಾಲಿಯಾಗಿ, ‘ನನ್ನ ಫೈಲುಗಳು ಎಲ್ಲಿ’ ಎಂಬರ್ಥದ ಇಂಗ್ಲಿಷ್ ಹೆಸರಿನ ಶಾರ್ಟ್‌ಕಟ್ ಒಂದೇ ಕಾಣಿಸಿದರೆ ಗಾಬರಿಯಾಗಬೇಡಿ. ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗಿನ ಡಾಕ್ಯುಮೆಂಟ್ಸ್‌ನಲ್ಲಿ ಉಳಿದಿರುತ್ತವೆ. ಇತ್ತೀಚಿನ ಆವೃತ್ತಿಗಳಲ್ಲಿ, ಫೈಲುಗಳನ್ನು ಕಂಪ್ಯೂಟರಿಗೆ ಮರಳಿಸಬೇಕೇ ಎಂದು ನಿಲ್ಲಿಸುವಾಗಲೇ ಕೇಳುತ್ತದೆ. ನಿಮ್ಮಂಥವರಿಗೆ ನನ್ನ ಸಲಹೆ ಮಾತ್ರ ಮೊದಲನೆಯದೇ: ಪತ್ರ, ಪಿಡಿಎಫ್, ಎಕ್ಸೆಲ್ ಇವೆಲ್ಲ ಡಾಕ್ಯುಮೆಂಟ್ಸ್‌ನಲ್ಲಿ ಹಾಯಾಗಿ ಸಿಂಕ್ ಆಗುತ್ತಿರಲಿ, ಟ್ಯಾಲಿ ಮಾತ್ರ ಹೊರಗಿರಲಿ.

ಟ್ಯಾಲಿಯನ್ನು ಏಕೆ ಹೊರಗಿಡಬೇಕು ಎಂಬುದನ್ನೂ ಹೇಳಬೇಕು. ಒಂದು ಕಂಪನಿಯ ಲೆಕ್ಕ ಒಂದೇ ಫೈಲಿನಲ್ಲಿ ಇರುವುದಿಲ್ಲ, ಅಂಕಿಯ ಹೆಸರಿನ ಒಂದು ಫೋಲ್ಡರಿನೊಳಗೆ ಹಲವು ಫೈಲುಗಳಲ್ಲಿ ಹಂಚಿಹೋಗಿರುತ್ತದೆ. ನೀವು ಒಂದು ವೋಚರ್ ಉಳಿಸಿದಾಗ ಅವುಗಳಲ್ಲಿ ಕೆಲವು ಜೊತೆಜೊತೆಯಾಗಿ ಬದಲಾಗುತ್ತವೆ. ಸಿಂಕ್ ತಂತ್ರಾಂಶಕ್ಕೆ ಆ ಸಂಬಂಧ ತಿಳಿಯದು. ಅದು ಬದಲಾದ ಫೈಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುತ್ತದೆ. ಅಷ್ಟರಲ್ಲಿ ವಿದ್ಯುತ್ತೋ ನೆಟ್ಟೋ ಹೋದರೆ ಕ್ಲೌಡ್‌ನಲ್ಲಿ ಉಳಿಯುವುದು ಅರ್ಧ ಹೊಸದು, ಅರ್ಧ ಹಳೆಯದು. ಎರಡು ಕಂಪ್ಯೂಟರುಗಳಲ್ಲಿ ಒಂದೇ ಕಂಪನಿಯನ್ನು ಒಮ್ಮೆಲೇ ತೆರೆದರಂತೂ ಯಾರ ಪ್ರತಿ ಉಳಿಯುತ್ತದೆ ಎಂದು ಹೇಳಲಾಗದು. ಔಟ್‌ಲುಕ್ ಇಮೇಲ್‌ಗಳನ್ನು ಕೂಡಿಡುವ ಪಿಎಸ್‌ಟಿ ಫೈಲಿಗೂ, ಮೈಕ್ರೋಸಾಫ್ಟ್ ಆಕ್ಸೆಸ್‌ನ ಡೇಟಾಬೇಸಿಗೂ ಇಂಥದೇ ಕಾರಣಗಳಿಂದ ಸಿಂಕ್ ಫೋಲ್ಡರ್ ಹೊಂದುವುದಿಲ್ಲ. ಇಬ್ಬರು ಏಕಕಾಲಕ್ಕೆ ಲೆಕ್ಕ ಬರೆಯುವುದು ನಿಮ್ಮ ಅಗತ್ಯವಾದರೆ ಅದಕ್ಕೆ ಇರುವುದು ಟ್ಯಾಲಿಯ ಬಹುಬಳಕೆದಾರ ಪರವಾನಗಿ ಮತ್ತು ಕಚೇರಿಯ ಒಳಜಾಲ, ಕ್ಲೌಡ್ ಸಿಂಕ್ ಅಲ್ಲ.

ಹೊರಗಿಟ್ಟ ಮೇಲೆ ಬ್ಯಾಕಪ್‌ನ ಗತಿಯೇನು? ದಿನದ ಕೆಲಸ ಮುಗಿದ ಮೇಲೆ ಟ್ಯಾಲಿಯ ಒಳಗಿನಿಂದಲೇ, ಅಂದರೆ ಡೇಟಾ ಮೆನುವಿನ ‘ಬ್ಯಾಕಪ್’ ಆಯ್ಕೆಯಿಂದ, ಪ್ರತಿ ತೆಗೆದು ಅದನ್ನು ಒನ್‌ಡ್ರೈವ್‌ನ ಒಳಗಿನ ಒಂದು ಫೋಲ್ಡರಿಗೆ ಹಾಕಿ. ಹಾಗೆ ತೆಗೆದ ಪ್ರತಿ ಪದೇಪದೇ ಬದಲಾಗುವುದಿಲ್ಲವಾದ್ದರಿಂದ ಸಿಂಕ್ ಅದನ್ನು ಒಮ್ಮೆ ಏರಿಸಿ ಸುಮ್ಮನಾಗುತ್ತದೆ. ಪ್ರತಿದಿನವೂ ಅದೇ ಹೆಸರಿನ ಮೇಲೆ ಬರೆಯದೆ ದಿನಾಂಕವಿರುವ ಬೇರೆಬೇರೆ ಫೋಲ್ಡರುಗಳನ್ನು ಬಳಸಿ. ನಿಮ್ಮ ಗ್ರಾಹಕರಲ್ಲಿ ನೋಂದಾಯಿತ ಕಂಪನಿಗಳಿದ್ದರೆ ಇನ್ನೊಂದು ಮಾತು ನೆನಪಿಡಿ: ವಿದ್ಯುನ್ಮಾನ ರೂಪದಲ್ಲಿರುವ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗೆ ಇರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕೆಂದು ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಮಾಡಿದ ತಿದ್ದುಪಡಿ ಹೇಳುತ್ತದೆ. ಅದಕ್ಕೂ ಮೊದಲು ‘ನಿಯತಕಾಲಿಕವಾಗಿ’ ಎಂದಷ್ಟೇ ಇತ್ತು. ವೈಯಕ್ತಿಕ ಖಾತೆಯೊಂದರ ಫೈಲುಗಳು ಯಾವ ದೇಶದ ಸರ್ವರಿನಲ್ಲಿವೆ ಎಂದು ನೀವು ಆರಿಸುವಂತಿಲ್ಲವಾದ್ದರಿಂದ ಅಂಥ ಗ್ರಾಹಕರಿಗೆ ಬೇರೆಯದೇ ಏರ್ಪಾಡು ಬೇಕಾಗುತ್ತದೆ. ಅದನ್ನು ಅವರ ಲೆಕ್ಕಪರಿಶೋಧಕರೊಡನೆ ಕುಳಿತು ನಿರ್ಧರಿಸಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಪ್ರಾಜೆಕ್ಟಿನ ಕೋಡ್ ಡ್ರಾಪ್‌ಬಾಕ್ಸ್‌ನಲ್ಲಿದೆ. ಅದರೊಳಗೆ, ನೋಡ್ ಎಂಬ ತಂತ್ರಾಂಶಕ್ಕೆ ಬೇಕಾದ ಸಿದ್ಧ ಕೋಡ್ ತುಂಬಿರುವ ‘ನೋಡ್ ಮಾಡ್ಯೂಲ್ಸ್’ ಫೋಲ್ಡರಿನಿಂದಾಗಿ ಸಿಂಕ್ ಮುಗಿಯುವುದೇ ಇಲ್ಲ. ಸೆಲೆಕ್ಟಿವ್ ಸಿಂಕ್‌ನಲ್ಲಿ ಅದನ್ನು ತೆಗೆದುಹಾಕಿದೆ. ಪ್ರಾಜೆಕ್ಟ್ ನಡೆಯಲಿಲ್ಲವೆಂದು ಮತ್ತೆ ಇನ್‌ಸ್ಟಾಲ್ ಮಾಡಿದರೆ, ಹೆಸರಿನ ಕೊನೆಗೆ ‘ಸೆಲೆಕ್ಟಿವ್ ಸಿಂಕ್ ಕಾನ್‌ಫ್ಲಿಕ್ಟ್’ ಎಂದು ಅಂಟಿಸಿಕೊಂಡ ಫೋಲ್ಡರ್ ಬಂದಿದೆ. ಏನು ಮಾಡಲಿ?
– ಓದುಗರು, ಬೆಳಗಾವಿ

ಉತ್ತರ: ಹುಬ್ಬಳ್ಳಿಯ ಓದುಗರು ಮಾಡಲು ಹೊರಟಿದ್ದನ್ನು ನೀವು ಮಾಡಿ ನೋಡಿದ್ದೀರಿ. ಡ್ರಾಪ್‌ಬಾಕ್ಸ್‌ನ ಸೆಲೆಕ್ಟಿವ್ ಸಿಂಕ್ 2010ರ ಡಿಸೆಂಬರಿನ 1.0 ಆವೃತ್ತಿಯಷ್ಟು ಹಳೆಯದು, ಅದರ ಅರ್ಥವೂ ಅಂದಿನಿಂದ ಬದಲಾಗಿಲ್ಲ: ಕ್ಲೌಡ್‌ನಲ್ಲಿರಲಿ, ಇಲ್ಲಿ ಬೇಡ. ಕ್ಲೌಡ್‌ನಲ್ಲಿ ಆ ಹೆಸರಿನ ಫೋಲ್ಡರ್ ಈಗಲೂ ಇದೆ, ಇಲ್ಲಿ ನೀವು ಅದೇ ಹೆಸರಿನ ಇನ್ನೊಂದನ್ನು ಸೃಷ್ಟಿಸಿದಿರಿ, ಎರಡನ್ನೂ ಬೆರೆಸಲಾರದೆ ಡ್ರಾಪ್‌ಬಾಕ್ಸ್ ಹೊಸದರ ಹೆಸರು ಬದಲಿಸಿತು. ಹೆಸರು ಬದಲಾದ ಮೇಲೆ ನೋಡ್‌ಗೆ ಅದು ಕಾಣಿಸದಿರುವುದರಲ್ಲಿ ಆಶ್ಚರ್ಯವಿಲ್ಲ.

ನಿಮಗೆ ಬೇಕಾದದ್ದು ಡ್ರಾಪ್‌ಬಾಕ್ಸ್‌ನಲ್ಲಿ ಪ್ರತ್ಯೇಕವಾಗಿಯೇ ಇದೆ, ಆದರೆ ಮೆನುವಿನಲ್ಲಿ ಕಣ್ಣಿಗೆ ಬೀಳುವಂತಿಲ್ಲ. ಫೋಲ್ಡರಿನ ಮೇಲೆ ‘ಕಾಮ್ ಡಾಟ್ ಡ್ರಾಪ್‌ಬಾಕ್ಸ್ ಡಾಟ್ ಇಗ್ನೋರ್ಡ್’ ಎಂಬ ಗುಪ್ತ ಗುರುತನ್ನು ಇಟ್ಟು ಅದರ ಮೌಲ್ಯವನ್ನು 1 ಎಂದು ಬರೆದರೆ ಆ ಫೋಲ್ಡರ್ ಕ್ಲೌಡ್‌ಗೆ ಹೋಗುವುದಿಲ್ಲ. ವಿಂಡೋಸ್‌ನಲ್ಲಿ ಇದನ್ನು ಪವರ್‌ಶೆಲ್‌ನಿಂದ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಟರ್ಮಿನಲ್‌ನಿಂದ ಮಾಡಬೇಕು (ಎರಡೂ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಗಳು). ಹೊಸ ಮ್ಯಾಕ್‌ಗಳಲ್ಲಿ ಗುರುತಿನ ಹೆಸರು ಬೇರೆಯಾಗಿರುತ್ತದೆ, ಆದ್ದರಿಂದ ಆಜ್ಞೆಯ ಅಕ್ಷರಗಳನ್ನು ನಿಮ್ಮ ಕಂಪ್ಯೂಟರಿಗೆ ತಕ್ಕಂತೆ ಡ್ರಾಪ್‌ಬಾಕ್ಸ್‌ನ ಸಹಾಯ ಪುಟದಿಂದಲೇ ನಕಲು ಮಾಡಿಕೊಳ್ಳಿ. ಗುರುತು ನಾಟಿದ್ದರೆ ಫೋಲ್ಡರಿನ ಮೇಲೆ ಬೂದು ಬಣ್ಣದ ಕಳೆಯುವ ಚಿಹ್ನೆ ಕಾಣಿಸಿಕೊಳ್ಳುತ್ತದೆ.

ಮೊದಲು ಸೆಲೆಕ್ಟಿವ್ ಸಿಂಕ್‌ನಲ್ಲಿ ಗುರುತನ್ನು ಮರಳಿ ಹಾಕಿ, ಅಥವಾ ಡ್ರಾಪ್‌ಬಾಕ್ಸ್‌ನ ಜಾಲತಾಣದಲ್ಲಿ ಆ ಫೋಲ್ಡರನ್ನು ಅಳಿಸಿ, ಗೋಜಲನ್ನು ಬಿಡಿಸಿಕೊಳ್ಳಿ. ಆಮೇಲೆ ಸರಿಯಾದ ಹೆಸರಿನ ಖಾಲಿ ಫೋಲ್ಡರ್ ಮಾಡಿ, ಅದಕ್ಕೆ ಗುರುತು ಹಾಕಿ, ಕೊನೆಯಲ್ಲಿ ಇನ್‌ಸ್ಟಾಲ್ ಮಾಡಿ. ಈ ಕ್ರಮ ಮುಖ್ಯ, ಏಕೆಂದರೆ ಮೊದಲೇ ಇನ್‌ಸ್ಟಾಲ್ ಮಾಡಿದರೆ ನೀವು ಆಜ್ಞೆ ಬರೆಯುವಷ್ಟರಲ್ಲಿ ಸಾವಿರಾರು ಪುಟ್ಟ ಫೈಲುಗಳು ಮೇಲೇರಲು ಸಾಲು ನಿಂತಿರುತ್ತವೆ. ಈಗಾಗಲೇ ಸಿಂಕ್ ಆಗಿರುವ ಫೋಲ್ಡರಿಗೆ ಗುರುತು ಹಾಕಿದರೆ ಅದು ನಿಮ್ಮ ಡಿಸ್ಕಿನಲ್ಲಿ ಉಳಿದು, ಸರ್ವರಿನಿಂದಲೂ ನಿಮ್ಮ ಉಳಿದ ಸಾಧನಗಳಿಂದಲೂ ಅಳಿದುಹೋಗುತ್ತದೆ. ನೋಡ್ ಮಾಡ್ಯೂಲ್ಸ್‌ನ ಮಟ್ಟಿಗೆ ಅದರಿಂದ ನಷ್ಟವಿಲ್ಲ. ಅದೇ ಗುರುತನ್ನು ಸಹಪಾಠಿಗಳೊಡನೆ ಹಂಚಿಕೊಂಡ ವರದಿಯ ಫೋಲ್ಡರಿಗೆ ಹಾಕಿ ನೋಡುವ ಸಾಹಸ ಬೇಡ. ಇನ್ನೂ ಒಂದು ಮಿತಿ: ಗುರುತು ಇರುವುದು ಆ ಫೋಲ್ಡರಿಗೆ, ಹೆಸರಿಗಲ್ಲ. ಫೋಲ್ಡರನ್ನು ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಗುರುತನ್ನೂ ಹೊಸದಾಗಿ ಹಾಕಬೇಕು.

ಇಷ್ಟಾದ ಮೇಲೂ ನನ್ನ ಅಭಿಪ್ರಾಯ ಕೇಳುವುದಾದರೆ, ಕೋಡ್ ಇರಬೇಕಾದ ಜಾಗ ಸಿಂಕ್ ಫೋಲ್ಡರ್ ಅಲ್ಲ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್. ಯಾವುದನ್ನು ಸೇರಿಸಬಾರದೆಂಬ ಪಟ್ಟಿಯನ್ನು ಪ್ರಾಜೆಕ್ಟಿನ ಜೊತೆಗೇ ಒಂದು ಫೈಲಿನಲ್ಲಿ ಬರೆದಿಡುವ ಪದ್ಧತಿ ಅಲ್ಲಿ ಮೊದಲಿನಿಂದಲೂ ಇದೆ, ಮತ್ತು ಆ ಪಟ್ಟಿ ಹೆಸರನ್ನು ನೋಡುತ್ತದೆಯಾದ್ದರಿಂದ ಫೋಲ್ಡರನ್ನು ಎಷ್ಟು ಸಲ ಅಳಿಸಿ ಕಟ್ಟಿದರೂ ತೊಂದರೆಯಿಲ್ಲ. ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯ 2 ಜಿಬಿಯನ್ನು ವರದಿ ಮತ್ತು ಸ್ಲೈಡುಗಳಿಗೆ ಉಳಿಸಿಕೊಳ್ಳಿ.

ಪ್ರಶ್ನೆ: ಮದುವೆ ಛಾಯಾಗ್ರಹಣ ನನ್ನ ವೃತ್ತಿ. ಮ್ಯಾಕ್‌ನ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಐಕ್ಲೌಡ್‌ಗೆ ಜೋಡಣೆಯಾಗಿವೆ. ಕಾರ್ಡಿನಿಂದ ರಾ ಚಿತ್ರಗಳನ್ನು (ಕ್ಯಾಮೆರಾದ ಸಂಸ್ಕರಿಸದ ಮೂಲ ಚಿತ್ರಗಳನ್ನು) ಡೆಸ್ಕ್‌ಟಾಪಿಗೆ ಇಳಿಸಿದ ಕೂಡಲೇ ಐಕ್ಲೌಡ್ ತುಂಬಿತೆಂಬ ಸೂಚನೆ ಬರುತ್ತದೆ. ಡೆಸ್ಕ್‌ಟಾಪಿನ ಒಂದು ಫೋಲ್ಡರನ್ನು ಮಾತ್ರ ಬಿಟ್ಟುಬಿಡುವಂತೆ ಹೇಳಬಹುದೇ?
– ಓದುಗರು, ಮೈಸೂರು

ಉತ್ತರ: ಉಚಿತ ಐಕ್ಲೌಡ್‌ನಲ್ಲಿ ಸಿಗುವುದು 5 ಜಿಬಿ. ಒಂದು ರಾ ಚಿತ್ರ 25 ಎಂಬಿ ಇದ್ದರೆ 200 ಚಿತ್ರಗಳಿಗೆ ಅದು ಮುಗಿಯಿತು, ಮುಹೂರ್ತದ ಹೊತ್ತಿಗೂ ಸಾಲದು. ಸೆಟ್ಟಿಂಗ್ಸ್‌ನಲ್ಲಿ ಒಂದು ಫೋಲ್ಡರನ್ನು ಬಿಡುವ ಆಯ್ಕೆ ಇಲ್ಲ. ಆದರೆ ಫೋಲ್ಡರಿನ ಹೆಸರಿನ ಕೊನೆಗೆ ಒಂದು ಚುಕ್ಕಿಯನ್ನೂ ಅದಕ್ಕೆ ಅಂಟಿಕೊಂಡಂತೆ ‘ನೋಸಿಂಕ್’ ಎಂಬುದನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಸೇರಿಸಿದರೆ ಐಕ್ಲೌಡ್ ಡ್ರೈವ್ ಆ ಫೋಲ್ಡರನ್ನು ಮುಟ್ಟುವುದಿಲ್ಲ. ಮ್ಯಾಕ್ ಬಳಸುವವರ ನಡುವೆ ಬಹುಕಾಲದಿಂದ ಚಾಲ್ತಿಯಲ್ಲಿರುವ ಉಪಾಯವಿದು. ಮೊದಲು ಖಾಲಿ ಫೋಲ್ಡರಿಗೆ ಆ ಹೆಸರಿಟ್ಟು, ಆಮೇಲೆ ಚಿತ್ರಗಳನ್ನು ಅದರೊಳಗೆ ಇಳಿಸಿ.

ಆದರೂ ದುಡಿಮೆಯ ಚಿತ್ರಗಳನ್ನು ಹೆಸರಿನ ಬಾಲದ ಮೇಲೆ ನಂಬಿ ಬಿಡುವುದಕ್ಕಿಂತ, ನಿಮ್ಮ ಹೋಮ್ ಫೋಲ್ಡರಿನಲ್ಲಿ ಡೆಸ್ಕ್‌ಟಾಪ್ ಹಾಗೂ ಡಾಕ್ಯುಮೆಂಟ್ಸ್‌ಗಳ ಹೊರಗೆ ಒಂದು ಫೋಲ್ಡರ್ ಮಾಡಿ ಅಲ್ಲಿಗೆ ಇಳಿಸುವುದು ಮೇಲು. ಐಕ್ಲೌಡ್ ಡ್ರೈವ್ ಅತ್ತ ಬರುವುದೇ ಇಲ್ಲ. ಚಿತ್ರ ತಿದ್ದುವ ಲೈಟ್‌ರೂಮ್ ಕ್ಲಾಸಿಕ್ ಬಳಸುತ್ತಿದ್ದರೆ ಅದರ ಕ್ಯಾಟಲಾಗ್ ಕೂಡ ಡೇಟಾಬೇಸೇ ಆದ್ದರಿಂದ ಟ್ಯಾಲಿಗೆ ಹೇಳಿದ್ದೆಲ್ಲ ಅದಕ್ಕೂ ಸಲ್ಲುತ್ತದೆ. ಕ್ಯಾಟಲಾಗನ್ನು ಹೊರಗಿಟ್ಟು, ತಂತ್ರಾಂಶವೇ ತೆಗೆಯುವ ಅದರ ಬ್ಯಾಕಪ್ ಪ್ರತಿಯನ್ನು ಮಾತ್ರ ಕ್ಲೌಡ್‌ಗೆ ಕಳುಹಿಸಿ. ರಾ ಚಿತ್ರಗಳ ಎರಡನೆಯ ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ.

ಪ್ರಶ್ನೆ: ಗೂಗಲ್ ಖಾತೆಯ 15 ಜಿಬಿ ತುಂಬಿ, ಇಮೇಲ್ ಬರುವುದು ನಿಂತುಹೋಗಿದೆ. ಫೋನಿನ ವಾಟ್ಸಾಪ್ ಚಿತ್ರಗಳೆಲ್ಲ ಮೇಲೇರುತ್ತಿವೆ. ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್‌ಗೆ ಸೇರಿಸಿದ ಒಂದು ದೊಡ್ಡ ಫೋಲ್ಡರಿನೊಳಗೆ ಕೆಲವು ಉಪಫೋಲ್ಡರುಗಳು ಬೇಡ. ತೆಗೆಯುವುದು ಹೇಗೆ?
– ಓದುಗರು, ಕಾರ್ಕಳ

ಉತ್ತರ: ಫೋನಿನದು ಸುಲಭ. ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ಸಾಧನದ ಫೋಲ್ಡರುಗಳ ಪಟ್ಟಿಯೊಂದಿದೆ. ಅಲ್ಲಿ ವಾಟ್ಸಾಪ್ ಚಿತ್ರಗಳ ಮತ್ತು ವಿಡಿಯೋಗಳ ಎದುರಿನ ಗುಂಡಿಯನ್ನು ಆಫ್ ಮಾಡಿಬಿಟ್ಟರೆ ಇನ್ನು ಮುಂದೆ ಬರುವ ಶುಭೋದಯಗಳು ಫೋನಿನಲ್ಲಿಯೇ ಉಳಿಯುತ್ತವೆ. ಈಗಾಗಲೇ ಏರಿದವು ತಾವಾಗಿ ಇಳಿಯುವುದಿಲ್ಲ. ಅವನ್ನು ಫೋಟೋಸ್ ಆ್ಯಪ್‌ನಲ್ಲಿ ಅಳಿಸಿದರೆ ಫೋನಿನ ಪ್ರತಿಯೂ ಹೋಗುವುದರಿಂದ, ಕ್ಲೌಡ್‌ನಿಂದ ಮಾತ್ರ ಅಳಿಸಬೇಕಾದರೆ ಮೊದಲು ಬ್ಯಾಕಪ್ ನಿಲ್ಲಿಸಿ, ಉಳಿಸಿಕೊಳ್ಳಬೇಕಾದವನ್ನು ಬೇರೆ ಕಡೆಗೆ ನಕಲು ಮಾಡಿಕೊಂಡ ಮೇಲೆಯೇ ಕೈಹಾಕಿ. ವಾಟ್ಸಾಪ್‌ನ ಸಂಭಾಷಣೆಯ ಬ್ಯಾಕಪ್ ಬೇರೆಯದೇ ಬಾಬತ್ತು, ಆಂಡ್ರಾಯ್ಡ್‌ನಲ್ಲಿ ಅದೂ ಈಗ ಈ 15 ಜಿಬಿಯ ಲೆಕ್ಕಕ್ಕೇ ಸೇರುತ್ತದೆ. ಅದರಲ್ಲಿ ವಿಡಿಯೋಗಳನ್ನು ಬಿಡುವ ಆಯ್ಕೆ ವಾಟ್ಸಾಪ್‌ನ ಒಳಗೇ ಇದೆ.

ಕಂಪ್ಯೂಟರಿನದು ಅಷ್ಟು ಸುಲಭವಲ್ಲ. ಗೂಗಲ್ ಡ್ರೈವ್‌ಗೆ ಒಂದು ಫೋಲ್ಡರನ್ನು ಸೇರಿಸಿದರೆ ಅದರೊಳಗಿನದೆಲ್ಲವೂ ಸೇರಿತೆಂದೇ ಅರ್ಥ. ಆದ್ದರಿಂದ ತಾಯಿ ಫೋಲ್ಡರನ್ನು ಪಟ್ಟಿಯಿಂದ ತೆಗೆದು, ಬೇಕಾದ ಉಪಫೋಲ್ಡರುಗಳನ್ನು ಒಂದೊಂದಾಗಿ ಸೇರಿಸುವುದೇ ದಾರಿ. ಬೇಡವಾದವು ಎರಡು, ಬೇಕಾದವು ಇಪ್ಪತ್ತು ಇದ್ದರೆ, ಆ ಎರಡನ್ನು ಅಲ್ಲಿಂದ ಹೊರಗೆ ಸಾಗಿಸುವುದು ಇನ್ನೂ ಸಲೀಸು. ಪಟ್ಟಿಯಿಂದ ತೆಗೆದ ಮೇಲೂ ಹಳೆಯ ಪ್ರತಿ ಡ್ರೈವ್‌ನ ಜಾಲತಾಣದ ‘ಕಂಪ್ಯೂಟರ್ಸ್’ ವಿಭಾಗದಲ್ಲಿ ಉಳಿದು ಜಾಗ ಹಿಡಿದಿರುತ್ತದೆ. ಅಲ್ಲಿ ಅಳಿಸಿ, ನಂತರ ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಏಕೆಂದರೆ ಬುಟ್ಟಿಯಲ್ಲಿರುವ 30 ದಿನವೂ ಅದು 15 ಜಿಬಿಯ ಒಳಗೇ ಎಣಿಕೆಯಾಗುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಪ್ರಕಾಶನ. ಮೂರು ಕಂಪ್ಯೂಟರುಗಳ ನಡುವೆ ಪುಸ್ತಕಗಳ ಇನ್‌ಡಿಸೈನ್ (ಪುಟವಿನ್ಯಾಸದ ತಂತ್ರಾಂಶ) ಫೈಲುಗಳನ್ನು ಸಿಂಕ್‌ಥಿಂಗ್ ಮೂಲಕ ಹಂಚಿಕೊಳ್ಳುತ್ತೇವೆ. ತಾತ್ಕಾಲಿಕ ಫೈಲುಗಳೂ, ಮುದ್ರಣಕ್ಕೆಂದು ತೆಗೆದ ಭಾರಿ ಪಿಡಿಎಫ್‌ಗಳೂ ಎಲ್ಲೆಡೆ ಹರಡುತ್ತಿವೆ. ಒಂದು ಕಂಪ್ಯೂಟರಿನಲ್ಲಿ ತಡೆಪಟ್ಟಿ ಬರೆದೆವು, ಪರಿಣಾಮ ಕಾಣಲಿಲ್ಲ.
– ಓದುಗರು, ಧಾರವಾಡ

ಉತ್ತರ: ಸಿಂಕ್‌ಥಿಂಗ್‌ನಲ್ಲಿ ನಡುವೆ ಕ್ಲೌಡ್ ಇಲ್ಲ, ಯಂತ್ರದಿಂದ ಯಂತ್ರಕ್ಕೆ ನೇರ ವರ್ಗಾವಣೆ. ಆದ್ದರಿಂದ ತಡೆಪಟ್ಟಿಯೂ ಒಂದೊಂದು ಯಂತ್ರದ ಸ್ವಂತದ್ದು. ಹಂಚಿಕೊಂಡ ಫೋಲ್ಡರಿನ ಬುಡದಲ್ಲಿ ಚುಕ್ಕಿಯಿಂದ ಆರಂಭವಾಗುವ ‘ಎಸ್‌ಟಿಇಗ್ನೋರ್’ ಎಂಬ ಪಠ್ಯಫೈಲಿನಲ್ಲಿ ಅದು ಇರುತ್ತದೆ, ಮತ್ತು ಆ ಫೈಲು ಮಾತ್ರ ಉಳಿದವುಗಳೊಡನೆ ಸಿಂಕ್ ಆಗುವುದಿಲ್ಲ. ಮೂರೂ ಕಡೆ ಬರೆಯಬೇಕು. ಇಲ್ಲವೇ, ಪಟ್ಟಿಯನ್ನು ಬೇರೆ ಹೆಸರಿನ ಸಾಮಾನ್ಯ ಫೈಲಿನಲ್ಲಿ ಬರೆದು ಅದು ಸಿಂಕ್ ಆಗಲು ಬಿಟ್ಟು, ಮೂರೂ ಯಂತ್ರಗಳ ತಡೆಪಟ್ಟಿಯಲ್ಲಿ ಆ ಫೈಲನ್ನು ಸೇರಿಸಿಕೊಳ್ಳುವ ‘ಇನ್‌ಕ್ಲೂಡ್’ ಸಾಲೊಂದನ್ನು ಮಾತ್ರ ಇಡಬಹುದು. ಆಮೇಲೆ ಪಟ್ಟಿಯನ್ನು ಎಲ್ಲಿ ತಿದ್ದಿದರೂ ಎಲ್ಲ ಕಡೆಗೂ ತಲುಪುತ್ತದೆ. ನನಗೆ ಮೆಚ್ಚಿಗೆಯಾಗುವುದು ಇದೇ.

ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ, ಮೊದಲು ಹೊಂದಿದ ಸಾಲಿನ ಮಾತೇ ನಡೆಯುತ್ತದೆ. ಅಂದರೆ ‘ಮುದ್ರಣ ಫೋಲ್ಡರ್ ಬೇಡ, ಆದರೆ ಅದರೊಳಗಿನ ಮುಖಪುಟ ಬೇಕು’ ಎನ್ನುವುದಾದರೆ ಮುಖಪುಟದ ಸಾಲನ್ನು ಆಶ್ಚರ್ಯಸೂಚಕ ಚಿಹ್ನೆಯೊಂದಿಗೆ ಮೇಲೆ ಬರೆದು, ಫೋಲ್ಡರಿನ ಸಾಲನ್ನು ಕೆಳಗೆ ಬರೆಯಬೇಕು. ಈಗಾಗಲೇ ಹರಡಿರುವ ಪಿಡಿಎಫ್‌ಗಳು ಪಟ್ಟಿಗೆ ಸೇರಿದ ಮಾತ್ರಕ್ಕೆ ಅಳಿಯುವುದಿಲ್ಲ. ಮೂರೂ ಕಡೆ ಪಟ್ಟಿ ಜಾರಿಗೆ ಬಂದ ಮೇಲೆ ಬೇಡವಾದ ಕಡೆ ಕೈಯಾರೆ ಅಳಿಸಿ. ಆಗ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಗೆ ದಾಟುವುದಿಲ್ಲ.

ಇನ್‌ಡಿಸೈನ್ ಫೈಲು ತೆರೆದಿರುವಾಗ ಅದರ ಪಕ್ಕದಲ್ಲಿ ಹುಟ್ಟುವ ‘ಐಡಿಎಲ್‌ಕೆ’ ಎಂಬ ಬೀಗದ ಫೈಲನ್ನೂ ಪಟ್ಟಿಗೆ ಸೇರಿಸಿ. ಬೀಗ ಇನ್ನೊಂದು ಕಂಪ್ಯೂಟರಿಗೆ ತಲುಪಿದರೆ ಇಬ್ಬರು ಒಂದೇ ಅಧ್ಯಾಯ ತೆರೆಯುವುದು ತಪ್ಪುತ್ತದಲ್ಲ ಎಂದು ಕೆಲವರು ಅದನ್ನು ಬಿಟ್ಟುಕೊಳ್ಳುತ್ತಾರೆ. ಆದರೆ ಅದು ತಲುಪುವುದು ತಡವಾಗಿ, ಅಳಿಯುವುದು ಇನ್ನೂ ತಡವಾಗಿ, ಹಾಗಾಗಿ ಅದನ್ನು ನಂಬುವಂತಿಲ್ಲ. ಯಾವ ಅಧ್ಯಾಯ ಯಾರ ಕೈಯಲ್ಲಿದೆ ಎಂಬುದನ್ನು ಕಚೇರಿಯಲ್ಲಿ ಬಾಯಿಮಾತಿನಲ್ಲೋ ಗೋಡೆಯ ಹಲಗೆಯ ಮೇಲೋ ಗೊತ್ತುಮಾಡಿಕೊಳ್ಳಿ. ಹಾಗಿದ್ದೂ ಇಬ್ಬರು ತಿದ್ದಿದರೆ ಸಿಂಕ್‌ಥಿಂಗ್ ಒಂದು ಪ್ರತಿಯ ಹೆಸರಿನಲ್ಲಿ ‘ಸಿಂಕ್ ಕಾನ್‌ಫ್ಲಿಕ್ಟ್’ ಎಂದೂ ದಿನಾಂಕವನ್ನೂ ಸೇರಿಸಿ ಪಕ್ಕಕ್ಕೆ ಇಡುತ್ತದೆ. ಅಂಥ ಪ್ರತಿಗಳನ್ನು ತಡೆಪಟ್ಟಿಗೆ ಹಾಕಬೇಡಿ. ಕಳೆದುಹೋದ ಕರಡು ತಿದ್ದುಪಡಿ ಸಿಗುವುದಾದರೆ ಅಲ್ಲಿಯೇ ಸಿಗಬೇಕು.